ಪ್ರಸಾದ ಆತೇನ್ರಿ

ಗುಳಿಗೆಗೆ ‘ಪ್ರಸಾದ’ ಎಂದು ಹೆಸರಿಟ್ಟವನು ನಾನೇ. ದಿನಾ ಊಟವಾದ ಮೇಲೆ ಸವದತ್ತಿಯ ಗೆಳೆಯನಿಗೆ ಫೋನು ಹಚ್ಚಿ ‘ಪ್ರಸಾದ ಆತೇನ್ರಿ?’ ಎಂದು ಕೇಳುತ್ತಿದ್ದೆ. ‘ಆತ್ರಿ, ನಿಮ್ದು?’ ಎನ್ನುತ್ತಿದ್ದ. ‘ಆತು’ ಎಂದು ಇಟ್ಟುಬಿಡುತ್ತಿದ್ದೆ. ಎಚ್‌ಐವಿ ಇರುವ ಇಬ್ಬರು ಗಂಡಸರು ಬೇರೆಯವರ ಕಿವಿಗೆ ಬೀಳದಂತೆ ಔಷಧಿ ನೆನಪು ಮಾಡಿಕೊಳ್ಳಲು ಇದಕ್ಕಿಂತ ಸುರಕ್ಷಿತವಾದ ಶಬ್ದ ಸಿಗುವುದಿಲ್ಲ. ಯಲ್ಲಮ್ಮನ ಗುಡ್ಡದ ಬುಡದಲ್ಲಿರುವ ಊರಿನವನು ಪ್ರಸಾದ ಎಂದರೆ ಯಾರು ತಿರುಗಿ ನೋಡುತ್ತಾರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಹುಡುಕಿದ ಶಬ್ದ ಅದು. ಊರೂರಿಗೆ ಕಾಮಣಿ, ಅಂದರೆ ಕಾಮಾಲೆ, ಹಬ್ಬಿದ ಬೇಸಿಗೆಯಲ್ಲಿ ಅದೇ ಶಬ್ದ ಅವನ ಜೀವಕ್ಕೆ ಬಂತು.

ನಾನು ಬೈಲಹೊಂಗಲದಲ್ಲಿ ಟೇಲರ್, ಹೆಂಗಸರ ಜಂಪರ್ ಹೊಲಿಯುವವನು. ಅವನಿಗೆ ಸವದತ್ತಿಯಲ್ಲಿ ಹಿಟ್ಟಿನ ಗಿರಣಿ. ನಾನು ಅವನನ್ನು ‘ಗಿರಣಿ ಸಾವ್ಕಾರ್ರ’ ಎಂದು ಕಾಡಿಸುತ್ತಿದ್ದೆ, ಅವನು ನನ್ನನ್ನು ‘ಟೇಲರ್ ಸಾಹೇಬ್ರ’ ಎನ್ನುತ್ತಿದ್ದ. ನಾವು ಭೇಟಿಯಾದದ್ದು ಬೆಳಗಾವಿಯಲ್ಲಿ, ಎಚ್‌ಐವಿ ಗುಳಿಗೆ ಕೊಡುವ ದವಾಖಾನೆಯ ಪಾಳಿಯಲ್ಲಿ ನಿಂತಾಗ. ನಮ್ಮ ನಮ್ಮ ಊರ ಹತ್ತಿರ ಎಲ್ಲೂ ತೆಗೆದುಕೊಳ್ಳದೆ ಅಷ್ಟು ದೂರ ಹೋಗುವುದಕ್ಕೆ ಇಬ್ಬರಿಗೂ ಒಂದೇ ಕಾರಣ. ನನ್ನದು ಅಳತೆ ತೆಗೆಯುವ ಕೈ. ವಿಷಯ ತಿಳಿದರೆ ಒಬ್ಬ ಹೆಣ್ಣುಮಗಳೂ ನನ್ನ ಅಂಗಡಿಯ ಮೆಟ್ಟಿಲು ಹತ್ತಲಾರಳು. ಅವನದು ಇನ್ನೂ ಕಷ್ಟ. ಓಣಿಯ ಮಂದಿಯೆಲ್ಲ ಅವನು ಬೀಸಿದ ಹಿಟ್ಟಿನ ರೊಟ್ಟಿ ತಿನ್ನುವವರು. ಮುಟ್ಟಿದರೆ ಬರುವ ರೋಗವಲ್ಲ ಇದು ಎಂದು ಗಿರಣಿಯ ಬಾಗಿಲಿಗೆ ಬೋರ್ಡು ಹಚ್ಚಲು ಬರುತ್ತದೆಯೇ?

ನನ್ನ ಹೆಂಡತಿಗೆ ನನ್ನ ವಿಷಯ ಗೊತ್ತಿತ್ತು. ಅವಳಿಗೆ ಈ ಸೋಂಕು ಇಲ್ಲ. ಅವನಿಗೆ ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವನು ಮತ್ತು ಅವನ ಅವ್ವ ಇಬ್ಬರೇ. ಅವ್ವನಿಗೆ ಅವನು ಅದನ್ನು ಬಿಪಿ ಗುಳಿಗೆ ಎಂದು ಹೇಳಿದ್ದ. ‘ಇಷ್ಟ ಸಣ್ಣ ವಯಸ್ಸಿಗೆ ಬಿಪಿ ಯಾಕ ಬಂತೋ ನಿನಗ’ ಎಂದು ಅವರು ಅವನ ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದರಂತೆ. ಇಲ್ಲದ ಬಿಪಿಗಾಗಿ ವರ್ಷಗಟ್ಟಲೆ ಸಪ್ಪೆ ಸಾರು ಉಂಡ ಮನುಷ್ಯ ಅವನು.

ಆ ಬೇಸಿಗೆಯಲ್ಲಿ ಮೊದಲು ಅತ್ತ ಒಂದೆರಡು ಹಳ್ಳಿಗಳಲ್ಲಿ, ಆಮೇಲೆ ಸವದತ್ತಿಯ ಓಣಿಗಳಲ್ಲಿ, ಆಮೇಲೆ ನಮ್ಮ ಬೈಲಹೊಂಗಲದಲ್ಲೂ ಕಾಮಣಿ ಕಾಣಿಸಿಕೊಂಡಿತು. ನೀರಿನದು ಎಂದರು ಕೆಲವರು, ಮದುವೆ ಊಟದ್ದು ಎಂದರು ಕೆಲವರು. ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನಾವು ಗುಳಿಗೆ ತರಲು ಹೋದ ದಿನ ಅಲ್ಲಿಯ ಆಪ್ತಸಮಾಲೋಚಕಿ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿದರು. ‘ಇದಕ್ಕ ಹೆಪಟೈಟಿಸ್ ಎ ಅಂತಾರ. ಹೊಲಸು ನೀರಿಂದ, ಕೈ ತೊಳಿಲಾರದ ಮಾಡಿದ ಊಟದಿಂದ ಬರತೈತಿ. ಗಂಡಸರ ನಡುವಿನ ಸಂಗದಿಂದನೂ ಬರತೈತಿ’ ಎಂದಾಗ ನಾವಿಬ್ಬರೂ ಗೋಡೆಯ ಮೇಲಿನ ಫ್ಯಾನು ನೋಡಿದೆವು. ಅವರು ನಗಲಿಲ್ಲ. ‘ನಾಚಿಕಿ ಬ್ಯಾಡ. ಮಂದಿಗೆ ಬಂದು ಹ್ವಾದಂಗ ನಿಮಗ ಹೋಗೂದಿಲ್ಲ ಅಂತ ತಿಳ್ಕೊಂಡ ಇರ್ರಿ. ಕೆಲವರಿಗೆ ಭಾಳ ಜೋರ ಆಗತೈತಿ. ಕಣ್ಣು ಹಳದಿ ಅನಿಸಿದ್ರ ಸೀದಾ ಇಲ್ಲಿಗೆ ಬರ್ರಿ. ಬೇರಿನ ಔಷಧ ಕುಡಿಬ್ಯಾಡ್ರಿ. ನಮ್ಮನ್ನ ಕೇಳಲಾರದ ಗುಳಿಗಿ ಬಿಡಬ್ಯಾಡ್ರಿ’ ಎಂದರು. ನಾವು ಸಾಲಿಯ ಹುಡುಗರ ಹಾಗೆ ತಲೆ ಆಡಿಸಿ ಎದ್ದೆವು.

ಬೈಲಹೊಂಗಲದಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅವನಿಗೆ ಸವದತ್ತಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲಿನ ಗಾಡಿ. ‘ಬರ್ರಿ ಸಾಹೇಬ್ರ, ಹೊಟ್ಟಿ ತಂಪ ಮಾಡೋಣು’ ಎಂದ. ಗಾಡಿಯವನು ಗೋಣಿಚೀಲದೊಳಗಿನ ಬರ್ಫ ಕುಟ್ಟಿ ಎರಡೂ ಗ್ಲಾಸಿಗೆ ಹಾಕಿಕೊಟ್ಟ. ಕುಡಿದು ಮುಗಿಸಿದ ಮೇಲೆ ನನಗೆ ಆ ಬರ್ಫದ ನೀರು ಯಾವುದೋ ಎನ್ನಿಸಿತು. ಹೇಳಿದೆ. ‘ಕುಡದ ಮ್ಯಾಲೆ ಜಾತಿ ಕೇಳತೀರಲ್ರಿ’ ಎಂದು ನಕ್ಕು ಬಸ್ಸು ಹತ್ತಿದ.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ನನ್ನದು ಮೊದಲೇ ಪುಕ್ಕಲು ಸ್ವಭಾವ, ಅದರ ಮೇಲೆ ಮೂಗಿನ ತುದಿಗೆ ಸಿಟ್ಟು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಗಿರಾಕಿಗಳಿಗಾಗಿ ಇಟ್ಟ ನಿಲುಗನ್ನಡಿಯ ಮುಂದೆ ನಿಂತು ಕಣ್ಣಿನ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ. ಹೊಟ್ಟೆ ಗುಡುಗುಡು ಎಂದರೆ ಅದೇ ಇರಬೇಕು. ಹಸಿವಾಗದಿದ್ದರೆ ಅದೇ. ಹಸಿವಾದರೆ ಇದು ಯಾಕೆ ಇಷ್ಟು ಹಸಿವು ಎಂದು ಇನ್ನೊಂದು ಚಿಂತೆ. ಒಬ್ಬ ಹೆಣ್ಣುಮಗಳು ಅರಿಷಿಣ ಶಾಸ್ತ್ರಕ್ಕೆ ಉಡುವ ಸೀರೆಗೆಂದು ಹಳದಿ ಜಂಪರ್ ಪೀಸು ತಂದುಕೊಟ್ಟರೆ, ಊರಿನಲ್ಲಿ ಬೇರೆ ಬಣ್ಣವೇ ಇಲ್ಲವೇನು ಎಂದು ಅವಳ ಮೇಲೆ ರೇಗಿದೆ. ನನ್ನ ಹೆಂಡತಿ ನೀರು ಕುದಿಸಿ ಕುದಿಸಿ ಗ್ಯಾಸು ಮುಗಿಸುತ್ತಿದ್ದಳು, ಬಾಯಿ ಮಾತ್ರ ಸುಮ್ಮನಿರಲಿಲ್ಲ. ‘ಕಾಮಣಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತಾರ. ನಿಮಗ ಕಾಮಣಿ ಬರೂಕಿಂತ ಮೊದಲ ಎಲ್ಲಾ ಹಳದಿ ಕಾಣಾಕತ್ತೇತಿ’ ಎಂದಳು. ನಗು ಬರಲಿಲ್ಲ ನನಗೆ.

ನನಗೆ ಏನೂ ಆಗಲಿಲ್ಲ. ಮೂರು-ನಾಲ್ಕು ವಾರ ಕಳೆದಿರಬೇಕು. ಒಂದು ದಿನ ಫೋನಿನಲ್ಲಿ ಅವನ ದನಿ ಸೋತು ಬಂತು.

‘ಊಟ ಅಂದ್ರ ವಾಕರಿಕಿ ಬರಾಕತ್ತೇತ್ರಿ. ಗಿರಣಿ ಪಟ್ಟಾ ಎಳಿಯಾಕ ಕೈಯಾಗ ಕಸುವಿಲ್ಲ.’

‘ಕಣ್ಣು ಹೆಂಗದಾವು?’

‘ಗುಡ್ಡದ ಅಂಗಡಿಯವರದು ಭಂಡಾರ ಬೀಸೂದು ನಡದೈತಿ. ಮೈ, ಅಂಗಿ, ಗ್ವಾಡಿ ಎಲ್ಲಾ ಅರಿಷಿಣ. ಕಣ್ಣಷ್ಟ ಬೆಳ್ಳಗ ಎಲ್ಲಿಂದ ಇರತಾವ್ರಿ?’

‘ಮೂತ್ರದ ಬಣ್ಣ?’

‘ಅದರದೂ ಅಳತಿ ತಗೋತೀರೇನ್ರಿ ಟೇಲರ್ ಸಾಹೇಬ್ರ’ ಎಂದು ನಕ್ಕ. ನಾಳೆಯೇ ಬೆಳಗಾವಿಗೆ ಹೋಗಿ ತೋರಿಸಿ ಎಂದು ಜೋರು ಮಾಡಿದೆ. ಹೂಂ ಎಂದ. ಭಂಡಾರವೆಂದು ದೇವಿಗೆ ಏರಿಸುವ ಅರಿಷಿಣವನ್ನು ದಿನವಿಡೀ ಬೀಸುವವನಿಗೆ ತಾನು ಹಳದಿಯಾದದ್ದು ಹೇಗೆ ಗೊತ್ತಾಗಬೇಕು? ಅವನ ಅವ್ವನಿಗಾಗಲಿ, ಹಿಟ್ಟಿಗೆ ಬರುವ ಮಂದಿಗಾಗಲಿ ಗೊತ್ತಾಗಿರಲಿಲ್ಲ.

ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಮತ್ತೆ ಮತ್ತೆ ಮಾಡಿದೆ. ಕೊನೆಗೊಂದು ಸಂಜೆ ಅವನ ಅವ್ವ ಎತ್ತಿದರು. ಅವರನ್ನು ನಾನು ನೋಡಿರಲಿಲ್ಲ, ಬೈಲಹೊಂಗಲದ ಟೇಲರ್ ಗೆಳೆಯ ಎಂದು ಅವರಿಗೆ ಗೊತ್ತಿತ್ತು.

‘ಅಂವಗ ಕಾಮಣಿ ಆಗೇತಿ ತಮ್ಮಾ. ಹಳ್ಳಿಗೆ ಕರಕೊಂಡ ಹೋಗಿ ಔಷಧ ಹಾಕಿಸ್ಕೊಂಡ ಬಂದೇವಿ. ಕಡಕ್ ಪಥ್ಯ ಐತಿ. ಬರೇ ನುಚ್ಚು-ಮಜ್ಜಿಗಿ. ಎಬ್ಬಿಸಿದ್ರ ಏಳತಾನ, ಇಲ್ಲಂದ್ರ ಮಲಗೇ ಇರತಾನ.’

ಗುಳಿಗೆ ನಡೆದಿದೆಯೇ ಎಂದು ಕೇಳಬೇಕು, ಗುಳಿಗೆ ಎನ್ನುವ ಹಾಗಿಲ್ಲ. ಬಾಯಿಗೆ ರೂಢಿಯಾದ ಶಬ್ದವೇ ಬಂತು.

‘ಅವ್ವಾ, ಏನರೆ ಆಗ್ಲಿ, ಪ್ರಸಾದ ಒಂದ ತಪ್ಪಸಬ್ಯಾಡ್ರಿ.’

‘ಅಯ್ಯ, ಅದನ್ನ ಹೆಂಗ ತಪ್ಪಸ್ಲಿ? ದಿನಾ ಸಂಜಿಕ ನನ್ನ ಕೈಯಾರೆ ಬಾಯಾಗ ಹಾಕತೇನಿ. ಒಲ್ಲೆ ಅಂದ್ರೂ ಬಿಡೂದಿಲ್ಲ.’

ಅಬ್ಬಾ ಎನಿಸಿತು. ಗಡಿಬಿಡಿಯಲ್ಲಿ ಅವ್ವನಿಗೆ ಎಲ್ಲ ಹೇಳಿದ್ದಾನೆ, ನಮ್ಮ ಶಬ್ದವನ್ನೂ ಕಲಿಸಿದ್ದಾನೆ ಎಂದುಕೊಂಡೆ. ಎಲ್ಲ ಗೊತ್ತಿದ್ದವರು ಬೆಳಗಾವಿಗೂ ತೋರಿಸಿಯೇ ಇರುತ್ತಾರೆ ಎಂದು ಹಳ್ಳಿಯ ಔಷಧ ಯಾವುದೆಂದು ಕೇಳಲೇ ಇಲ್ಲ. ಎಂಥ ತಾಯಿ ಎಂದು ಹೆಂಡತಿಯ ಮುಂದೆ ಹೊಗಳಿದೆ. ಆ ರಾತ್ರಿ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಮತ್ತೆರಡು ದಿನ ಬಿಟ್ಟು ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತ ಫೋನು ಮಾಡಿದಾಗ ಅವರೇ ಎತ್ತಿದರು. ದನಿಯಲ್ಲಿ ಅಳು ಇತ್ತು.

‘ಪ್ರಸಾದನೂ ಒಳಗ ಹೋಗವಲ್ದು ತಮ್ಮಾ. ಬರೇ ಒಂದ ಚಿಟಿಕಿ ಭಂಡಾರ, ಎರಡ ಹಳಕ ಕಲ್ಲಸಕ್ಕರಿ. ಅದನ್ನೂ ಉಗುಳತಾನ. ದೇವಿ ಯಾಕ ಹಿಂಗ ಮಾಡ್ಯಾಳೋ.’

ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ‘ಅವ್ವಾ, ಅಂವನ ಬಿಪಿ ಗುಳಿಗಿ?’

‘ಅವನ್ನ ಔಷಧ ಹಾಕಿದ ದಿನಾನ ಬಿಡಸ್ಯಾರ. ಇಂಗ್ಲಿಷ್ ಗುಳಿಗಿ ನಡುವ ಬಂದ್ರ ಬೇರಿನ ಔಷಧ ವಿಷ ಆಗತೈತಂತ. ಅಂವಾ ಕೊಡ ಕೊಡ ಅಂತಿದ್ದ, ನಾ ಎತ್ತಿಟ್ಟೇನಿ.’

ಅಷ್ಟು ದಿನ ಅವನು ಗುಳಿಗೆ ಇಲ್ಲದೆ ಮಲಗಿದ್ದ. ಮೇಲೆ ಬೇರಿನ ಕಷಾಯ ಬೇರೆ. ನಾನು ಇಲ್ಲಿ ಆರಾಮಾಗಿ ನಿದ್ದೆ ಮಾಡಿದ್ದೆ. ಅಂಗಡಿಯ ಬಾಗಿಲು ಎಳೆದು, ಮನೆಗೊಮ್ಮೆ ಹೋಗಿ ಸವದತ್ತಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಎಲ್ಲರ ಮೇಲೂ ಸಿಟ್ಟು ಬಂತು. ಔಷಧ ಕೊಟ್ಟವನ ಮೇಲೆ, ಕಬ್ಬಿನ ಹಾಲಿನವನ ಮೇಲೆ, ಬಿಪಿ ಎಂದು ಸುಳ್ಳು ಹೇಳಿ ಕೂತ ಸಾವ್ಕಾರನ ಮೇಲೆ. ಬೇರೆಯವರ ಸೋಂಕಿನ ವಿಷಯ ನಮ್ಮ ಬಾಯಿಂದ ಎಂದೂ ಬರಬಾರದು ಎಂಬುದು ಪಾಳಿಯಲ್ಲಿ ನಿಲ್ಲುವ ನಾವೆಲ್ಲ ಹೇಳದೆಯೇ ಪಾಲಿಸುವ ಕಟ್ಟಳೆ. ಆ ಕಟ್ಟಳೆ ಇರುವುದರಿಂದಲೇ ನಾನೂ ಬೈಲಹೊಂಗಲದಲ್ಲಿ ಅನ್ನ ತಿನ್ನುತ್ತಿದ್ದೇನೆ. ಹೇಳದಿದ್ದರೆ ಅವನು ಉಳಿಯುತ್ತಾನೋ ಇಲ್ಲವೋ. ಹೇಳಿದರೆ, ಉಳಿದರೂ ನನ್ನ ಮುಖ ನೋಡಲಿಕ್ಕಿಲ್ಲ. ಬಿಪಿ ಗುಳಿಗೆಯನ್ನೇ ಕೊಡಿ ಎಂದು ಹಟ ಹಿಡಿದರೆ ಒಬ್ಬ ಟೇಲರನ ಮಾತು ಯಾರು ಕೇಳುತ್ತಾರೆ? ಬಸ್ಸು ಹಳ್ಳಿ ಹಳ್ಳಿಗೂ ನಿಲ್ಲುತ್ತಿತ್ತು, ನನಗೆ ಇಳಿದು ಓಡಬೇಕು ಎನಿಸುತ್ತಿತ್ತು.

ಗಿರಣಿ ಮುಚ್ಚಿತ್ತು. ಬಾಗಿಲ ಮುಂದೆ ಯಾರೋ ಇಟ್ಟುಹೋದ ಜೋಳದ ಡಬ್ಬಿಗಳಿದ್ದವು. ಹಿಂದೆಯೇ ಮನೆ. ಅವ್ವ ಸಣ್ಣ ಆಳು, ಹಣೆಯ ತುಂಬ ಭಂಡಾರ. ನನ್ನನ್ನು ಕಂಡ ಕೂಡಲೇ ಕಾಲಿಗೆ ನೀರು, ಕುಡಿಯಲು ನೀರು ಕೊಟ್ಟರು. ‘ಕಾಯಿಸಿ ಆರಿಸಿದ್ದು, ಅಂಜಬ್ಯಾಡ’ ಎಂದರು. ‘ಸಣ್ಣಾಂವ ಇದ್ದಾಗಿಂದ ಅಂವಗ ಹಸಿ ನೀರ ಕುಡಿಸಿದಾಕಿ ಅಲ್ಲ ನಾ. ಸಾಲಿಗೂ ಮನಿ ನೀರ ಕಟ್ಟಿ ಕಳಸ್ತಿದ್ದೆ. ಓಣ್ಯಾಗಿನ ಹುಡುಗರು ಹಳ್ಳದಾಗ ಬಿದ್ದ ಹೊರಳಾಡತಿದ್ರು, ಇಂವನ್ನ ಬಿಡತಿದ್ದಿಲ್ಲ. ಇಂವಗ ಎಲ್ಲಿಂದ ಹತ್ತಿತು ಹೇಳು.’ ನಾನು ಬರ್ಫದ ಮಾತು ಎತ್ತದೆ ನೀರು ಕುಡಿದೆ.

ಅವನು ಪಡಸಾಲೆಯಲ್ಲಿ ಮಂಚದ ಮೇಲಿದ್ದ. ಅರಿಷಿಣವನ್ನೆಲ್ಲ ತೊಳೆದಿದ್ದರು, ಹಳದಿ ಹೋಗಿರಲಿಲ್ಲ. ಕಣ್ಣು ತೆರೆದಾಗ ಬಿಳಿಯ ಭಾಗವೆಲ್ಲ ಹೋಳಿಗೆಯ ಹೂರಣದ ಬಣ್ಣವಾಗಿತ್ತು. ನನ್ನ ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಕೂಡಲೇ ನನ್ನ ಅಂಗಿಯ ತೋಳು ಜಗ್ಗಿದ.

‘ಅವ್ವಗ ಹೇಳಬ್ಯಾಡ್ರಿ ಸಾಹೇಬ್ರ’ ಎಂದ. ಮತ್ತೆ ಕಣ್ಣು ಮುಚ್ಚಿದ.

ಅಡಿಗೆ ಮನೆಗೆ ಹೋಗಿ ಅವ್ವನ ಮುಂದೆ ಕೂತೆ. ದೊಡ್ಡ ದವಾಖಾನೆಗೆ ಒಯ್ಯೋಣ ಎಂದೆ. ‘ಔಷಧ ನಡದೈತಿ, ನಡುವ ಬಿಟ್ರ ಜೀವಕ್ಕ ಬರತೈತಿ’ ಎಂದರು. ಹಾಗಾದರೆ ಗುಳಿಗೆಯನ್ನಾದರೂ ಕೊಡಿ ಎಂದೆ. ‘ಪಥ್ಯ ಮುರದಂಗ ಆಗತೈತಿ’ ಎಂದರು. ಮಗನನ್ನು ಉಳಿಸಿಕೊಳ್ಳಲೆಂದೇ ಬಾಗಿಲಿಗೆ ಅಡ್ಡ ನಿಂತ ತಾಯಿ. ಅವರ ಜೊತೆ ಯಾವ ಬಾಯಿಂದ ಜಗಳವಾಡಲಿ? ತಿರುಗಿ ಹೋಗುವುದು ತಡವಾದರೆ ಇರಲಿ ಎಂದು ಬರುವಾಗ ಆ ದಿನದ ನನ್ನ ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ತೆಗೆದು ಅಂಗೈಯಲ್ಲಿಟ್ಟು ಅವರ ಮುಂದೆ ಚಾಚಿದೆ.

‘ಅವ್ವಾ, ಫೋನಿನ್ಯಾಗ ನಾ ಪ್ರಸಾದ ಅಂದದ್ದು ಇದು.’

‘ಇದು ಬಿಪಿ ಗುಳಿಗಿ ಅಲ್ಲೇನು?’

‘ನನಗ ಬಿಪಿ ಇಲ್ರಿ. ನನಗ ಎಚ್‌ಐವಿ ಐತಿ.’ ಹೆಂಡತಿ ಮತ್ತು ದವಾಖಾನೆಯ ಮಂದಿಯನ್ನು ಬಿಟ್ಟರೆ ಬೇರೆ ಯಾರ ಮುಂದೆಯೂ ನಾನು ಆ ಮಾತು ಆಡಿರಲಿಲ್ಲ. ‘ನಿಮ್ಮ ಮಗನ ವಿಷಯ ಹೇಳೂ ಹಕ್ಕು ನನಗಿಲ್ಲ. ನಂದಷ್ಟ ಹೇಳತೇನಿ. ದಿನಾ ಇದನ್ನ ತಗೊಂಡ್ರ ನಾ ಎಲ್ಲಾರಂಗ ಇರತೇನಿ. ಬಿಟ್ರ ಇರೂದಿಲ್ಲ. ಇದರ ಮ್ಯಾಲೆ ನನಗೇನರೆ ಕಾಮಣಿ ಆದ್ರ, ನನ್ನ ಹೆಣ್ತಿ ನನ್ನನ್ನ ಒಂದ ತಾಸೂ ಮನ್ಯಾಗ ಇಟ್ಟಕೊಳ್ಳೂದಿಲ್ಲ. ಸೀದಾ ದವಾಖಾನಿಗೆ ಒಯ್ಯತಾಳ.’

ಅವರು ಗುಳಿಗೆಯನ್ನು ನೋಡಿದರು. ನನ್ನ ಮುಖ ನೋಡಲಿಲ್ಲ. ಎದ್ದು ದೇವರ ಜಗಲಿಯ ಕಡೆಗೆ ಹೋದರು. ದೇವಿಯ ಮೂರ್ತಿಯ ಹಿಂದಕ್ಕೆ ಕೈ ಹಾಕಿ ಒಂದು ಬಾಟಲಿ ತೆಗೆದರು. ಮಗ ಹುಡುಕಿದರೂ ಮುಟ್ಟದ ಜಾಗ ಎಂದು ಅಲ್ಲಿ ಇಟ್ಟಿದ್ದರು. ಮುಚ್ಚಳದ ಮೇಲೆ ಭಂಡಾರ ಬಿದ್ದಿತ್ತು. ಸೆರಗಿನಿಂದ ಒರೆಸಿ, ಒಂದು ಗುಳಿಗೆ ಹೊರಗೆ ತೆಗೆದು, ನನ್ನ ಅಂಗೈಯಲ್ಲಿದ್ದ ಗುಳಿಗೆಯ ಪಕ್ಕದಲ್ಲಿಟ್ಟರು. ಎರಡನ್ನೂ ಬೆರಳಿನಿಂದ ಹೊರಳಿಸಿ ನೋಡಿದರು.

‘ಎರಡೂ ಒಂದ ಅದಾವಲ್ಲ ತಮ್ಮಾ’ ಎಂದರು.

ನಾನು ನನ್ನ ಗುಳಿಗೆಯನ್ನಷ್ಟೇ ಮತ್ತೆ ಕಾಗದದಲ್ಲಿ ಸುತ್ತಿದೆ. ಅವರು ಕಷಾಯದ ಗಡಿಗೆಯನ್ನು ಹಿತ್ತಲಿನಲ್ಲಿ ಬೋರಲು ಹಾಕಿ ಬಂದರು. ‘ಗಾಡಿ ತರಸು’ ಎಂದರು.

ನಾವು ಗುಳಿಗೆ ತರುವ ಬೆಳಗಾವಿಯ ದವಾಖಾನೆಗೇ ಸೇರಿಸಿದೆವು. ಯಕೃತ್ತು ಬಹಳ ಬಾತಿದೆ, ಎರಡು-ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಎಚ್‌ಐವಿ ಗುಳಿಗೆ ಯಾವಾಗ ಶುರು ಮಾಡುವುದು ಎಂಬುದನ್ನು ರಕ್ತ ನೋಡಿ ಅವರೇ ತೀರ್ಮಾನಿಸಿದರು. ನಾನು ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಬಸ್ಸು ಎಂದು ಓಡಾಡಿದೆ. ಅವ್ವ ವಾರ್ಡಿನ ಹೊರಗೆ ಗೋಡೆಗೆ ಆತು ಕೂತಿರುತ್ತಿದ್ದರು. ನನ್ನೊಡನೆ ಮಾತು ಕಡಿಮೆ. ನಾನು ಒಯ್ದ ಚಹಾವನ್ನು ಒಮ್ಮೆ ಕುಡಿದರು, ಒಮ್ಮೆ ಹಾಗೇ ಇಟ್ಟರು. ಆ ಇಟ್ಟ ಚಹಾ ನನ್ನನ್ನು ಬಸ್ಸಿನುದ್ದಕ್ಕೂ ತಿಂದಿತು. ಬೇಡವಾಗಿತ್ತೋ, ನನ್ನ ಕೈಯದು ಎಂದೋ?

ಅದೇ ಬರ್ಫದ ಕಬ್ಬಿನ ಹಾಲು ಕುಡಿದವನು ನಾನು ಎಂದು ಹೇಳಿದ್ದಕ್ಕೆ ಡಾಕ್ಟರು ನನ್ನ ರಕ್ತವನ್ನೂ ನೋಡಿದರು. ‘ನಿಮಗ ಇದು ಸಣ್ಣವರಿದ್ದಾಗ ಬಂದು ಹೋಗೇತಿ. ಹಳ್ಳಕೊಳ್ಳದ ನೀರ ಕುಡದು ಬೆಳದೀರೇನು? ಅದಕ್ಕ ಮತ್ತ ಬರೂದಿಲ್ಲ. ಬರದವರಿಗೆ ಲಸಿಕಿ ಹಾಕಿಸ್ಕೊಳ್ಳಾಕ ಬರತೈತಿ’ ಎಂದರು. ಹೌದು, ನಾನು ಹಳ್ಳದಲ್ಲಿ ಬಿದ್ದು ಹೊರಳಾಡಿದ ಹುಡುಗ. ಕಾಯಿಸಿದ ನೀರು ಕಟ್ಟಿಕೊಟ್ಟು ಕಾಪಾಡಿದ ಹುಡುಗ ಒಳಗೆ ಮಲಗಿದ್ದ. ಈ ಮಾತನ್ನು ನಾನು ಅವ್ವನಿಗೆ ಇಂದಿಗೂ ಹೇಳಿಲ್ಲ.

ಅವನು ಉಳಿದ. ಕಣ್ಣು ನಿಧಾನವಾಗಿ ತಿಳಿಯಾದವು. ಮನೆಗೆ ಕಳಿಸುವ ಮುಂಚೆ ಒಂದು ದಿನ ನನ್ನನ್ನು ನೋಡಿ, ‘ಹೇಳಬ್ಯಾಡ ಅಂದಿದ್ದೆ’ ಎಂದ. ‘ನಿಮ್ಮದು ಹೇಳಿಲ್ಲ, ನಂದು ಹೇಳೇನಿ’ ಎಂದೆ. ಅವನು ಗೋಡೆಯ ಕಡೆಗೆ ಹೊರಳಿದ. ಆಮೇಲೆ ನಾನು ಫೋನು ಮಾಡಲಿಲ್ಲ, ಅವನೂ ಮಾಡಲಿಲ್ಲ.

ನನ್ನ ಅಂಜಿಕೆ ಈಗ ಬೇರೆ ದಾರಿ ಹಿಡಿಯಿತು. ಸವದತ್ತಿಯ ಒಂದು ಅಡಿಗೆ ಮನೆಯಲ್ಲಿ ನನ್ನ ಗುಟ್ಟು ಬಿಟ್ಟು ಬಂದಿದ್ದೆ. ಆ ಅವ್ವನಿಗೆ ಬೈಲಹೊಂಗಲದಲ್ಲಿ ಬೀಗರಿಲ್ಲವೇ, ಸಂತೆಗೆ ಬರುವ ಪರಿಚಯದವರಿಲ್ಲವೇ? ಖಾಯಂ ಗಿರಾಕಿಯೊಬ್ಬಳು ಒಂದು ವಾರ ಬರದಿದ್ದರೆ, ಮುಗಿಯಿತು, ತಿಳಿಯಿತು ಎಂದುಕೊಳ್ಳುತ್ತಿದ್ದೆ. ಅವಳು ತವರಿಗೆ ಹೋಗಿದ್ದಳೆಂದು ಆಮೇಲೆ ಗೊತ್ತಾಗುತ್ತಿತ್ತು. ಅಳತೆ ಕೊಡುವಾಗ ಯಾರಾದರೂ ಸ್ವಲ್ಪ ಹಿಂದೆ ಸರಿದರೆ ಟೇಪು ಹಿಡಿದ ಕೈ ಬೆವರುತ್ತಿತ್ತು. ಹೇಳಿದ್ದಕ್ಕೆ ಪಶ್ಚಾತ್ತಾಪ ಇರಲಿಲ್ಲ. ಹೆದರಿಕೆ ಮಾತ್ರ ಬೆಟ್ಟದಷ್ಟಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಅವನ ನಂಬರಿನಿಂದ ಫೋನು ಬಂತು. ಹೆಂಡತಿ ನನ್ನ ಮುಖ ನೋಡಿದಳು. ಬಯ್ಯುತ್ತಾನೆ, ಬಯ್ಯಲಿ ಎಂದು ಎತ್ತಿದೆ. ಅವನಲ್ಲ, ಅವ್ವ.

‘ತಮ್ಮಾ, ಅಂವಂದು ಆತು.’

ಏನು ಎಂದು ತಿಳಿಯದೆ ‘ಏನ್ರಿ ಅವ್ವಾ?’ ಎಂದೆ.

‘ಪ್ರಸಾದ. ನನ್ನ ಮುಂದನ ನುಂಗಿದ. ನಿಂದು ಆತೇನಪಾ?’

‘ಇನ್ನೂ ಇಲ್ರಿ’ ಎಂದೆ.

‘ತಗೋ ಹಂಗಾದ್ರ’ ಎಂದರು. ‘ನೀ ತಗೊಳ್ಳೂತನಕಾ ನಾ ಫೋನ್ ಹಿಡಕೊಂಡ ಕುಂತಿರತೇನಿ.’